ಕುಚ್ಚು ಕಟ್ಟುವ ಕೈಗೂ ಒಂದು ದರವಿರಲಿ

ನಮ್ಮ ಜಿಲ್ಲೆಯ ಜವಳಿ ಅಂಗಡಿಗಳಿಗೆ ಶ್ರಾವಣದಿಂದ ದೀಪಾವಳಿಯವರೆಗೆ ಒಂದು ಸುಗ್ಗಿ. ಮಾಘದಿಂದ ವೈಶಾಖದವರೆಗೆ ಮದುವೆಗಳ ಇನ್ನೊಂದು ಸುಗ್ಗಿ. ಹಾಸನದಲ್ಲಾಗಲಿ, ಹೊಳೆನರಸೀಪುರದಲ್ಲಾಗಲಿ, ಅರಕಲಗೂಡು ಚನ್ನರಾಯಪಟ್ಟಣಗಳಲ್ಲಾಗಲಿ ಸೀರೆ ಕೊಂಡವರು ಹಣ ಕೊಟ್ಟು ಸುಮ್ಮನೆ ಎದ್ದು ಬರುವುದಿಲ್ಲ. "ಕುಚ್ಚು ಯಾವಾಗ ಆಗುತ್ತೆ?" ಎಂದು ಕೇಳುತ್ತಾರೆ. "ನಾಲ್ಕು ದಿನ ಬಿಟ್ಟು ಬನ್ನಿ" ಎಂದು ಅಂಗಡಿಯವರು ಹೇಳುತ್ತಾರೆ. ಆ ನಾಲ್ಕು ದಿನಗಳಲ್ಲಿ ಸೀರೆ ಯಾರ ಮನೆಗೆ ಹೋಗಿ ಬಂತು, ಯಾರು ಎಷ್ಟು ಹೊತ್ತು ಬಗ್ಗಿ ಕುಳಿತರು, ಅವರ ಕೈಗೆ ಎಷ್ಟು ಸಿಕ್ಕಿತು ಎಂಬುದನ್ನು ಯಾರೂ ವಿಚಾರಿಸುವುದಿಲ್ಲ. ಅದನ್ನು ವಿಚಾರಿಸುವ ಕಾಲ ಬಂದಿದೆಯೆಂದು ನಾವು ಭಾವಿಸುತ್ತೇವೆ.

ಇದು ಬಿಡುವಿನ ಕೆಲಸವೇ?

ಕೆಲಸ ಬಲ್ಲವರಿಗೆ ಹೇಳಬೇಕಾದ್ದಿಲ್ಲ, ಬಾರದವರಿಗಾಗಿ ಹೇಳುತ್ತೇವೆ. ಮೊದಲು ಸೆರಗಿನ ತುದಿಯನ್ನು ಮಡಿಸಿ ಹೊಲಿದು ಭದ್ರ ಮಾಡಬೇಕು. ಸೀರೆಯ ಬಣ್ಣಕ್ಕೆ ಸರಿಹೊಂದುವ ದಾರವನ್ನು ಎರಡು ಮೂರು ಅಂಗಡಿ ತಿರುಗಿ ತರಬೇಕು. ಆ ದಾರವನ್ನು ಹತ್ತಾರು ಎಳೆಯಾಗಿ ಒಂದೇ ಅಳತೆಗೆ ಸುತ್ತಿ, ಸೂಜಿಯಿಂದ ಸೆರಗಿನಲ್ಲಿ ತೂರಿಸಿ, ಕುತ್ತಿಗೆಗೆ ಜರಿ ಬಿಗಿದು ಗಂಟು ಹಾಕಿ, ಕೆಳತುದಿಯನ್ನು ಕತ್ತರಿಯಲ್ಲಿ ಸಮ ಮಾಡಬೇಕು. ಸೆರಗಿನ ಈ ಅಂಚಿನಿಂದ ಆ ಅಂಚಿನವರೆಗೆ ಹೀಗೆ ಸಾಲಾಗಿ ನಡೆಯಬೇಕು. ಒಂದು ಗಂಟು ಸಡಿಲವಾದರೂ, ಒಂದು ಕುಚ್ಚು ಗಿಡ್ಡವಾದರೂ ಇಡೀ ಸಾಲು ಕೆಟ್ಟು ಕಾಣುತ್ತದೆ. ನಡುವೆ ಮಣಿ ಬೇಕೆಂದರೆ ಮಣಿ ಪೋಣಿಸಬೇಕು. ಕ್ರೋಶಾ ಬೇಕೆಂದರೆ ಕೊಕ್ಕೆ ಸೂಜಿಯಲ್ಲಿ ಹೆಣೆಯಬೇಕು.

ಕುಚ್ಚು ಒಂದೇ ಅಲ್ಲ. ರವಿಕೆಗೆ ಆರಿ ಸೂಜಿಯ ಕೆಲಸ ಮಾಡುವವರಿದ್ದಾರೆ. ಫಾಲ್ ಹೊಲಿಯುವವರು, ಕೂಸಿಗೆ ಕುಲಾವಿ ಹೊಲಿಯುವವರು, ಬಟ್ಟೆಯ ಕೈಚೀಲ ಮಾಡುವವರು, ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ ಕೌದಿ ಹೊಲಿಯುವವರು ಇದ್ದಾರೆ. ಇವರಲ್ಲಿ ಗಿರಣಿ ಕಾರ್ಮಿಕರ ಹೆಂಡಂದಿರಿದ್ದಾರೆ, ಹೆರಿಗೆಯಾದ ಮೇಲೆ ಗಾರ್ಮೆಂಟ್ಸ್ ಕೆಲಸ ಬಿಟ್ಟವರಿದ್ದಾರೆ, ಪಿ.ಯು.ಸಿ. ಮುಗಿಸಿ ಮನೆಯಲ್ಲಿ ಕುಳಿತ ಹೆಣ್ಣುಮಕ್ಕಳಿದ್ದಾರೆ. ಗಂಡನಿಲ್ಲದೆ ಸಂಸಾರ ಸಾಗಿಸುವವರಿದ್ದಾರೆ.

ಆದರೂ ಪೇಟೆಯ ಮಾತಿನಲ್ಲಿ ಇದು "ಬಿಡುವಿನ ಕೆಲಸ". ಮನೆಯಲ್ಲೇ ಕೂತು, ಟಿ.ವಿ. ನೋಡುತ್ತ, ನಾಲ್ಕು ಕಾಸು ಸಂಪಾದಿಸುವ ಕೆಲಸ! ಈ ಮಾತಿನಲ್ಲೇ ಮೋಸವಿದೆ. ಬಿಡುವಿನ ಕೆಲಸವೆಂದ ಮೇಲೆ ಅದಕ್ಕೆ ಹೊತ್ತಿನ ಲೆಕ್ಕ ಬೇಡ. ಹೊತ್ತಿನ ಲೆಕ್ಕ ಬೇಡವೆಂದ ಮೇಲೆ ಕೂಲಿಯ ಲೆಕ್ಕವೂ ಬೇಡ. ಮದುವೆಯ ಹಿಂದಿನ ರಾತ್ರಿ "ಅಕ್ಕಾ, ಬೆಳಿಗ್ಗೆ ಏಳಕ್ಕೆ ಬೇಕೇ ಬೇಕು" ಎಂದು ಸೀರೆ ಕೊಟ್ಟು ಹೋಗುವವರಿಗೆ ಅದು ಬಿಡುವಿನ ಕೆಲಸವೆಂದು ತೋರಬಹುದು. ಎರಡು ಗಂಟೆ ರಾತ್ರಿಯಲ್ಲಿ ಕಣ್ಣುಜ್ಜಿಕೊಂಡು ಕಟ್ಟುವವರಿಗೆ ಹಾಗೆ ತೋರುವುದಿಲ್ಲ.

ಒಂದು ಸೀರೆಯ ಲೆಕ್ಕ

ದರವು ಪೇಟೆಗೊಂದು, ಮಾದರಿಗೊಂದು. ಆದರೂ ಲೆಕ್ಕದ ಬಗೆ ತಿಳಿಯಲೆಂದು ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮಣಿ ಕುಚ್ಚಿಗೆ ಗಿರಾಕಿ 500 ರೂಪಾಯಿ ಕೊಟ್ಟರೆನ್ನಿ. ಅಂಗಡಿಯು ಅದರಲ್ಲಿ 250 ರೂಪಾಯಿಯನ್ನು ಕಟ್ಟಿದಾಕೆಗೆ ಕೊಟ್ಟಿತೆನ್ನಿ. ದಾರ, ಮಣಿ, ಜರಿ ಅವಳದೇ. ಚಿಲ್ಲರೆ ಅಂಗಡಿಯಲ್ಲಿ ಬಿಡಿಯಾಗಿ ಕೊಂಡರೆ 70 ರೂಪಾಯಿ ಹೋಯಿತು. ಉಳಿದದ್ದು 180. ದಾರ ತರಲು ಹೋದ ಹೊತ್ತು, ಸೀರೆ ತಂದು ಒಪ್ಪಿಸಿದ ಹೊತ್ತು, ಕಟ್ಟಿದ ಹೊತ್ತು ಎಲ್ಲ ಸೇರಿ 5 ಗಂಟೆ. ಗಂಟೆಗೆ 36 ರೂಪಾಯಿ ಬಿತ್ತು. ದಿನಕ್ಕೆ 8 ಗಂಟೆ ಇದೇ ಕೆಲಸ ಸಿಕ್ಕರೆ 288 ರೂಪಾಯಿ. ಆಷಾಢದಲ್ಲಿ ಅದೂ ಸಿಗುವುದಿಲ್ಲ.

ಈ ಲೆಕ್ಕದಲ್ಲಿ ಸೇರದ ಬಾಬುಗಳೂ ಇವೆ. ದಾರದ ಬಣ್ಣ ಬಿಟ್ಟು ಸೀರೆಗೆ ಕಲೆಯಾದರೆ ನಷ್ಟ ಅವಳ ತಲೆಯ ಮೇಲೆ. ದೀಪದ ಬೆಳಕಿನಲ್ಲಿ ಸವೆಯುವ ಕಣ್ಣು, ಬಗ್ಗಿ ಬಗ್ಗಿ ಹಿಡಿದ ಬೆನ್ನು ಅವಳವೇ. ಅಂಗಡಿಯವರು ಹಣವನ್ನು "ವಾರದ ಕೊನೆಗೆ ನೋಡೋಣ" ಎಂದು ನಿಲ್ಲಿಸಿಕೊಂಡರೆ, ಅಷ್ಟು ದಿನ ಅಂಗಡಿಗೆ ಬಡ್ಡಿಯಿಲ್ಲದ ಸಾಲ ಕೊಟ್ಟವಳೂ ಅವಳೇ.

ನಮ್ಮ ಓದುಗರು ತಮ್ಮ ಊರಿನ ದರ ಹಾಕಿ ಈ ಲೆಕ್ಕವನ್ನು ತಾವೇ ಮಾಡಿ ನೋಡಲಿ. ಅಂಕಿ ಬದಲಾದೀತು; ಪಾಡು ಬದಲಾಗದು. ಅವಳು ಕಚ್ಚಾ ಸಾಮಾನನ್ನು ಕೊಳ್ಳುವಾಗ ಒಬ್ಬಳೇ ನಿಂತು ಚಿಲ್ಲರೆ ಬೆಲೆ ತೆರುತ್ತಾಳೆ. ಕೆಲಸವನ್ನು ಮಾರುವಾಗಲೂ ಒಬ್ಬಳೇ ನಿಂತು ಕೊಟ್ಟಷ್ಟನ್ನು ಪಡೆಯುತ್ತಾಳೆ. "ನಿಮಗಾಗದಿದ್ದರೆ ಪಕ್ಕದ ಬೀದಿಯವರು ಇನ್ನೂ ಐವತ್ತು ಕಮ್ಮಿಗೆ ಮಾಡುತ್ತಾರೆ" ಎಂಬ ಒಂದು ಮಾತು ಸಾಕು, ದರ ಇಳಿಯಲು. ಪಕ್ಕದ ಬೀದಿಯವರಿಗೂ ಇದೇ ಮಾತು ಹೇಳಲಾಗುತ್ತದೆ ಎಂಬುದು ಇಬ್ಬರಿಗೂ ತಿಳಿಯದು.

ಅಂಗಡಿಕಾರರು ವೈರಿಗಳೇ?

ಹಾಗೆ ನಾವು ಹೇಳುವುದಿಲ್ಲ. ಈ ಪುಟಗಳನ್ನು ಓದುವ ಸಣ್ಣ ವರ್ತಕರ ಕಷ್ಟ ನಮಗೆ ಗೊತ್ತು. ಸೂರತ್ತಿನ ಸೀರೆ ಮೊಬೈಲಿನಲ್ಲೇ ಮನೆ ಬಾಗಿಲಿಗೆ ಬರುತ್ತದೆ. ಮಳಿಗೆಯ ಬಾಡಿಗೆ ಏರುತ್ತದೆ. ಹಾಸನಕ್ಕೆ ದೊಡ್ಡ ಜವಳಿ ಮಳಿಗೆ ಬಂದರೆ ಅರಕಲಗೂಡಿನ ಪೇಟೆಬೀದಿ ಬಡವಾಗುತ್ತದೆ. 2025ರ ಜುಲೈಯಲ್ಲಿ ಯು.ಪಿ.ಐ. ಮೂಲಕ ಬಂದ ಹಣದ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕಳಿಸಿತು. ಅಂಗಡಿ ಅಂಗಡಿಯಲ್ಲಿ ಒಬ್ಬೊಬ್ಬರೇ ಹೆದರಿ ಕುಳಿತಿದ್ದರೆ ಏನಾಗುತ್ತಿತ್ತೋ! ರಾಜ್ಯದಾದ್ಯಂತ ಒಟ್ಟಾಗಿ ದನಿ ಎತ್ತಿದ್ದರಿಂದ ಸರ್ಕಾರ ತನ್ನ ಪಟ್ಟನ್ನು ಸಡಿಲಿಸಬೇಕಾಯಿತು. ಒಗ್ಗಟ್ಟಿನ ಬೆಲೆಯನ್ನು ಅಂಗಡಿಕಾರರಿಗೆ ಯಾರೂ ಬೋಧಿಸಬೇಕಾಗಿಲ್ಲ. ತಮಗೆ ಸಲ್ಲುವ ಈ ನ್ಯಾಯ ತಮಗಾಗಿ ಕುಚ್ಚು ಕಟ್ಟುವ ಹೆಂಗಸರಿಗೂ ಸಲ್ಲಬೇಕೆಂದಷ್ಟೇ ನಮ್ಮ ಕೋರಿಕೆ.

ಇದರಲ್ಲಿ ವರ್ತಕರ ಸ್ವಾರ್ಥವೂ ಇದೆ. ಮೊಬೈಲಿನಲ್ಲಿ ಸೀರೆ ಕೊಳ್ಳಬಹುದು. ಅಳತೆ ತೋರಿಸಿ, ಬಣ್ಣ ಒಪ್ಪಿಸಿ, ಊರಲ್ಲೇ ಕುಚ್ಚು ಕಟ್ಟಿಸಿಕೊಳ್ಳುವ ಅನುಕೂಲ ಅದರಲ್ಲಿಲ್ಲ. ಊರಿನ ಅಂಗಡಿಗೆ ಗಿರಾಕಿ ಬರಲು ಉಳಿದಿರುವ ಕಾರಣಗಳಲ್ಲಿ ಈ ಕೈಕೆಲಸ ಒಂದು. ಒಳ್ಳೆಯ ಕೈಯವಳು ದರ ಸಾಲದೆ ಕೆಲಸ ಬಿಟ್ಟರೆ ನಷ್ಟ ಅಂಗಡಿಗೇ.

ಗಿರಣಿ ಕಾರ್ಮಿಕರಿಗೆ ಇದರಲ್ಲೇನು?

ಹಾಸನದ ಕೈಗಾರಿಕಾ ಪ್ರದೇಶದಲ್ಲಿ ಹಿಮತ್‌ಸಿಂಗ್ಕಾ ಕಂಪನಿಯ ಗಿರಣಿಗಳು ಹಾಸುಬಟ್ಟೆ, ಟವೆಲುಗಳನ್ನು ತಯಾರಿಸಿ ಹೊರದೇಶಗಳಿಗೆ ಕಳಿಸುತ್ತವೆ. ಅಲ್ಲಿಯ ನೂಲಿನ ಗಿರಣಿಯೊಂದರಲ್ಲೇ ಎರಡು ಲಕ್ಷಕ್ಕೂ ಮೀರಿ ಕದಿರುಗಳಿವೆ. ಇಷ್ಟು ದೊಡ್ಡ ಯಂತ್ರಗಳ ಎದುರು ಒಂದು ಸೂಜಿಯ ಮಾತೇನು ಎಂದು ಕಾರ್ಮಿಕ ಬಂಧುಗಳು ಕೇಳಬಹುದು. 2025ರ ಆಗಸ್ಟಿನಲ್ಲಿ ಅಮೆರಿಕ ಸರ್ಕಾರ ನಮ್ಮ ದೇಶದ ಸರಕಿನ ಮೇಲೆ ಶೇಕಡಾ 50ರಷ್ಟು ಸುಂಕ ಹೇರಿದಾಗ ಜವಳಿ ರಫ್ತು ನಂಬಿದ ಊರುಗಳಲ್ಲೆಲ್ಲ ದಿಗಿಲು ಹುಟ್ಟಿದ್ದನ್ನು ನೆನೆಯಲಿ. ದೂರದ ಒಂದು ರಾಜಧಾನಿಯಲ್ಲಿ ಬಿದ್ದ ಸಹಿ ಇಲ್ಲಿಯ ಪಾಳಿಯನ್ನು ಕದಲಿಸಬಲ್ಲದು. ಪಾಳಿ ಕಡಿಮೆಯಾದ ತಿಂಗಳು ಮನೆಯ ಒಲೆ ಉರಿಯುವುದು ಯಾವ ದುಡ್ಡಿನಿಂದ? ಎಷ್ಟೋ ಮನೆಗಳಲ್ಲಿ ಕುಚ್ಚಿನ ದುಡ್ಡಿನಿಂದ, ಹೊಲಿಗೆಯ ದುಡ್ಡಿನಿಂದ.

ಇನ್ನೊಂದು ಮಾತು. ಮನೆಯಲ್ಲಿ ಹೊಲಿಯುವವಳಿಗೆ ಗಂಟೆಗೆ ಇಷ್ಟು ಕಡಿಮೆ ಸಿಗುವುದಾದರೆ, ಗಾರ್ಮೆಂಟ್ಸ್ ಬಾಗಿಲಲ್ಲಿ "ಇಷ್ಟಕ್ಕೆ ಬರುವುದಾದರೆ ಬನ್ನಿ" ಎನ್ನುವವರಿಗೆ ಅದೇ ಬಲ. ಮನೆಗೆಲಸದ ದರ ನೆಲಕ್ಕೆ ಬಿದ್ದಿರುವವರೆಗೆ ಕಾರ್ಖಾನೆಯ ಕೂಲಿಯೂ ತಲೆ ಎತ್ತುವುದು ಕಷ್ಟ. ಇಬ್ಬರದೂ ಒಂದೇ ಹಗ್ಗದ ಎರಡು ತುದಿ.

ಸಾಲ ಉಂಟು, ಪೇಟೆ ಇಲ್ಲ

ಸರ್ಕಾರ ಏನೂ ಮಾಡಿಲ್ಲವೆಂದು ಹೇಳುವುದು ಸರಿಯಲ್ಲ. 2015ರಿಂದ ಮುದ್ರಾ ಸಾಲವಿದೆ. 2023ರ ಸೆಪ್ಟೆಂಬರಿನಲ್ಲಿ ಬಂದ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸ ಸೇರಿದೆ. ತರಬೇತಿ, ಉಪಕರಣಕ್ಕೆ 15,000 ರೂಪಾಯಿ, ಶೇಕಡಾ 5ರ ಬಡ್ಡಿಯಲ್ಲಿ ಮೊದಲ ಕಂತಿಗೆ 1 ಲಕ್ಷದವರೆಗೆ ಸಾಲ. ಆದರೆ ಆ 18ರಲ್ಲಿ ಕೈಮಗ್ಗದ ನೇಕಾರನ ಹೆಸರಿಲ್ಲ, ಕಸೂತಿಯ ಹೆಸರಿಲ್ಲ, ಕುಚ್ಚಿನ ಹೆಸರಂತೂ ಇಲ್ಲವೇ ಇಲ್ಲ. ಸ್ತ್ರೀಶಕ್ತಿ ಸಂಘ, ಸಂಜೀವಿನಿ ಸಂಘಗಳಲ್ಲಿ ಹೊಲಿಗೆ ತರಬೇತಿ ನಡೆಯುತ್ತದೆ. ಪ್ರಮಾಣಪತ್ರ ಹಂಚಿ, ಹಾರ ಹಾಕಿ, ಫೋಟೋ ತೆಗೆಸಿಕೊಳ್ಳುವಲ್ಲಿಗೆ ಕಾರ್ಯಕ್ರಮ ಮುಗಿಯುತ್ತದೆ. ಮೂವತ್ತು ಜನ ಹೊಲಿಗೆ ಕಲಿತು ಹೊರಬಂದರೆ ಆ ಊರಿನ ಅದೇ ನಾಲ್ಕು ಅಂಗಡಿಗಳ ಮುಂದೆ ಮೂವತ್ತು ಜನ ಹೆಚ್ಚಾಗಿ ನಿಂತಂತಾಯಿತು. ದರ ಇನ್ನಷ್ಟು ಇಳಿಯಿತು. ಕೆಲಸ ಕಲಿಸಿದವರು ಪೇಟೆಯನ್ನೂ ತೋರಿಸಬೇಡವೇ?

ಪೇಟೆಯಿಲ್ಲದ ಸಾಲ ಕೊರಳಿನ ಉರುಳು. ಯಂತ್ರ ಕೊಳ್ಳಲು ಫೈನಾನ್ಸಿನವರಿಂದ ಹಣ ತಂದು ವಾರದ ಕಂತಿಗೆ ಒದ್ದಾಡಿದವರು ನಮ್ಮ ಜಿಲ್ಲೆಯಲ್ಲೂ ಇದ್ದಾರೆ. ಕಿರುಕುಳ ತಾಳಲಾರದೆ ಜನ ಊರು ಬಿಟ್ಟ, ಜೀವ ಬಿಟ್ಟ ಸುದ್ದಿಗಳು ರಾಜ್ಯದ ಮೂಲೆಮೂಲೆಯಿಂದ ಬಂದ ಮೇಲೆ, 2025ರ ಫೆಬ್ರುವರಿಯಲ್ಲಿ ಸರ್ಕಾರ ಬಲಾತ್ಕಾರದ ವಸೂಲಿಯನ್ನು ತಡೆಯಲು ಸುಗ್ರೀವಾಜ್ಞೆ ತರಬೇಕಾಯಿತು. ವಸೂಲಿಯ ಕ್ರೌರ್ಯವನ್ನು ಕಾನೂನು ತಡೆಯಬಹುದು. ಕಂತು ಕಟ್ಟುವಷ್ಟು ಸಂಪಾದನೆಯನ್ನು ಅದು ತಂದುಕೊಡಲಾರದು.

ಬೇರೆಯವರು ಮಾಡಿ ತೋರಿಸಿದ್ದು

ಮನೆಯಲ್ಲಿ ದುಡಿಯುವವರಿಗೆ ದರ ಗೊತ್ತುಮಾಡುವುದು ಆಗದ ಮಾತು ಎನ್ನುವವರು ದಕ್ಷಿಣ ಕನ್ನಡದ ಬೀಡಿ ಕಾರ್ಮಿಕರತ್ತ ನೋಡಲಿ. ಅವರೂ ಮನೆಯ ಜಗಲಿಯಲ್ಲೇ ಕುಳಿತು ಸುತ್ತುವವರು. ಅವರಿಗೂ ತುಂಡಿನ ಲೆಕ್ಕದ ಕೂಲಿ. ಆದರೆ ಸಾವಿರ ಬೀಡಿಗೆ ಇಷ್ಟೆಂದು ಕನಿಷ್ಠ ದರವುಂಟು. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆ ಮನೆಯಲ್ಲಿ ದುಡಿಯುವವರನ್ನೂ ಕಾರ್ಮಿಕರೆಂದು ಒಪ್ಪಿತು. ಭವಿಷ್ಯನಿಧಿ ಅವರಿಗೂ ಸಲ್ಲುತ್ತದೆಂದು 1985ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಆ ತೀರ್ಪಿನ ಒಂದು ನ್ಯಾಯ ಗಮನಿಸತಕ್ಕದ್ದು: ಕೆಲಸ ಮನೆಯಲ್ಲಿ ನಡೆದರೇನು, ಸರಿಯಿಲ್ಲದ ಬೀಡಿಯನ್ನು ತಳ್ಳಿಹಾಕುವ ಅಧಿಕಾರ ಯಾರ ಕೈಯಲ್ಲಿದೆಯೋ ಹತೋಟಿಯೂ ಅವರ ಕೈಯಲ್ಲಿದೆ. "ಕುಚ್ಚು ಸರಿಯಿಲ್ಲ, ಬಿಚ್ಚಿ ಕಟ್ಟಿ" ಎಂದು ಸೀರೆ ವಾಪಸು ಕಳಿಸುವವರು ಈ ಮಾತನ್ನು ಯೋಚಿಸಬೇಕು.

ಎರಡನೆಯ ನಿದರ್ಶನ ಅಹಮದಾಬಾದಿನದು, ಗಿರಣಿಯ ಊರು. ಅಲ್ಲಿಯ ಗಿರಣಿ ಕಾರ್ಮಿಕರ ಸಂಘವಾದ ಮಜೂರ್ ಮಹಾಜನದ ಮಹಿಳಾ ವಿಭಾಗದಿಂದ ಇಳಾ ಭಟ್ ಅವರು 1972ರಲ್ಲಿ ಸ್ವಂತ ದುಡಿಮೆಯ ಹೆಂಗಸರ ಸಂಘ ಕಟ್ಟಿದರು, ಅದೇ "ಸೇವಾ". ಮಾಲೀಕನೇ ಇಲ್ಲದವರಿಗೆ ಕಾರ್ಮಿಕ ಸಂಘವೆಂತಹುದು ಎಂದು ನೋಂದಣಿಗೆ ಆಕ್ಷೇಪ ಬಂತು. ಸಂಘವಿರುವುದು ದುಡಿಯುವವರು ಒಂದಾಗಲು ಎಂಬ ವಾದ ಗೆದ್ದಿತು. ಆ ಊರಿನಲ್ಲಿ ಗಿರಣಿಯ ಚಿಂದಿಬಟ್ಟೆಯಿಂದ ಹಾಸಿಗೆಯ ಗಲೀಫು ಹೊಲಿಯುವ ಹೆಂಗಸರು ದರ ಹೆಚ್ಚಿಸಿರೆಂದು ಕೇಳಿದರು. ಕೇಳಿದ್ದಕ್ಕೆ ವ್ಯಾಪಾರಿಗಳು ಕೆಲಸವನ್ನೇ ಕೊಡದಾದರು. ಆಗ ಸಂಘ ತಾನೇ ಚಿಂದಿ ಕೊಂಡು, ಹೊಲಿಸಿ, ಮಾರಲು ಇಳಿಯಿತು. ಅದು ಮುಂದೆ ಸಬೀನಾ ಎಂಬ ಸಹಕಾರ ಸಂಘವಾಯಿತು.

ನಮ್ಮ ನಾಡಿನವರೇ ಆದ ಕಮಲಾದೇವಿ ಚಟ್ಟೋಪಾಧ್ಯಾಯರನ್ನೂ ಇಲ್ಲಿ ನೆನೆಯಬೇಕು. 1903ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಈ ಸಮಾಜವಾದಿ ನಾಯಕಿ 1952ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಕರಕುಶಲ ಮಂಡಳಿಯನ್ನು ಮುನ್ನಡೆಸಿದರು. ಕೈಕಸುಬಿನವರಿಗೆ ಪೇಟೆ ಒದಗಿಸುವುದೇ ನಿಜವಾದ ನೆರವು ಎಂದು ಅವರು ಸಹಕಾರ ಸಂಘಗಳಿಗೂ ಮಾರಾಟ ಮಳಿಗೆಗಳಿಗೂ ದುಡಿದರು. ಆ ಮಂಡಳಿಯನ್ನೂ, ಕೈಮಗ್ಗ ಮಂಡಳಿಯನ್ನೂ ಕೇಂದ್ರ ಸರ್ಕಾರ 2020ರಲ್ಲಿ ರದ್ದು ಮಾಡಿತು. ದಿಲ್ಲಿಯಲ್ಲಿ ಕಸುಬಿನವರ ಮಾತು ಕೇಳುವ ಒಂದು ಕಿವಿ ಮುಚ್ಚಿತು. ಇನ್ನು ಊರಿನಲ್ಲೇ ನಾವು ಕಿವಿ ತೆರೆಯಬೇಕು.

ಸಹಕಾರವೆಂದ ಮಾತ್ರಕ್ಕೆ ಎಲ್ಲ ಸುಲಭವೆಂದು ನಾವು ನಂಬಿಸುವುದಿಲ್ಲ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಪ್ರಸನ್ನ ಅವರ ಮುಂದಾಳತ್ವದಲ್ಲಿ ಬೆಳೆದ ಚರಕ ಮಹಿಳಾ ಸಹಕಾರ ಸಂಘ ಹಳ್ಳಿಯ ಹೆಂಗಸರಿಂದ ನೇಯಿಸಿ, ಸಹಜ ಬಣ್ಣ ಹಾಕಿಸಿ, ಹೊಲಿಸಿ ಹೆಸರು ಮಾಡಿತು. ದೇಸಿ ಅಂಗಡಿಗಳ ಮೂಲಕ ಅದು ಪೇಟೆಯನ್ನೂ ಕಟ್ಟಿಕೊಂಡಿತ್ತು. ಅಂತಹ ಸಂಸ್ಥೆಯೂ 2020ರ ಲಾಕ್‌ಡೌನಿನಲ್ಲಿ ಮಾರಾಟ ನಿಂತಾಗ ಬಿಕ್ಕಟ್ಟಿಗೆ ಸಿಕ್ಕಿತು. ಪಾಠವಿಷ್ಟೇ: ಸರಕು ಮಾಡುವ ಮೊದಲು ಕೊಳ್ಳುವವರನ್ನು ಗೊತ್ತುಮಾಡಿಕೊಳ್ಳಬೇಕು, ಕೊಳ್ಳುವವರು ಹತ್ತಿರದಲ್ಲಿದ್ದಷ್ಟೂ ಕ್ಷೇಮ.

ಎರಡು ಆಕ್ಷೇಪಣೆಗಳು

"ದರ ಏರಿಸಿದರೆ ಯಂತ್ರದ ಕುಚ್ಚು ಬರುತ್ತದೆ" ಎನ್ನುತ್ತಾರೆ. ಯಂತ್ರದ ಕುಚ್ಚಿನ ಪಟ್ಟಿ ಈಗಾಗಲೇ ಬಂದಿದೆ; ಗಜದ ಲೆಕ್ಕದಲ್ಲಿ ಕೊಂಡು ಹೊಲಿಸಿಕೊಳ್ಳಬಹುದು. ಬೇಕಾದವರು ಕೊಳ್ಳುತ್ತಲೂ ಇದ್ದಾರೆ. ಆದರೂ ಮದುವೆಯ ಸೀರೆ ಹಿಡಿದವರು ಕೈಕುಚ್ಚನ್ನೇ ಕೇಳುತ್ತಾರೆ. ಅಗ್ಗದಲ್ಲಿ ಯಂತ್ರದೊಂದಿಗೆ ಪೈಪೋಟಿ ಮಾಡಿ ಕೈ ಗೆಲ್ಲಲಾರದು; ಅಂದದಲ್ಲಿ, ಹೊಂದಿಕೆಯಲ್ಲಿ ಗೆಲ್ಲಬಲ್ಲದು. ಅಂದಕ್ಕೆ ಹೊತ್ತು ಬೇಕು. ಹೊತ್ತಿಗೆ ಕೂಲಿ ಬೇಕು.

"ಹೆಂಗಸರು ಒಟ್ಟಾಗುವುದಿಲ್ಲ, ಒಬ್ಬಳಲ್ಲ ಒಬ್ಬಳು ದರ ಇಳಿಸುತ್ತಾಳೆ" ಎನ್ನುವುದು ಇನ್ನೊಂದು. ಗಿರಣಿ ಕಾರ್ಮಿಕರ ಬಗ್ಗೆಯೂ ಒಂದು ಕಾಲಕ್ಕೆ ಇದೇ ಮಾತಿತ್ತು. ಸಂಘದ ಸಾಲವನ್ನು ವಾರ ವಾರವೂ ತಪ್ಪದೆ ಕಟ್ಟುವ, ಒಬ್ಬಳ ಕಂತಿಗೆ ಹತ್ತು ಜನ ಜಾಮೀನು ನಿಲ್ಲುವ ಹೆಂಗಸರು ಒಟ್ಟಾಗಲಾರರೆಂದರೆ ನಂಬುವುದು ಹೇಗೆ? ಸಾಲಕ್ಕಾಗಿ ಒಟ್ಟಾದವರು ದರಕ್ಕಾಗಿಯೂ ಒಟ್ಟಾಗಬಲ್ಲರು.

ಆಗಬೇಕಾದ್ದೇನು?

ಮೊದಲನೆಯದು, ದರಪಟ್ಟಿ. ನಾಲ್ಕೂ ಊರುಗಳಲ್ಲಿ ಕುಚ್ಚು, ಫಾಲ್, ಆರಿ ಕೆಲಸದವರು ಒಂದೆಡೆ ಕುಳಿತು, ಯಾವ ಮಾದರಿಗೆ ಎಷ್ಟು ಹೊತ್ತು, ಎಷ್ಟು ಸಾಮಾನು ಎಂದು ಬರೆದು, ಅದರ ಮೇಲೆ ಕೂಲಿ ಹಾಕಿ ಪಟ್ಟಿ ಮಾಡಲಿ. ವರ್ತಕರನ್ನೂ ಕರೆಯಲಿ. ಒಪ್ಪಿದ ಪಟ್ಟಿಯನ್ನು ಅಂಗಡಿಯ ಗೋಡೆಗೆ ಅಂಟಿಸಲಿ. ಕಟ್ಟಿದಾಕೆಗೆ ಸಲ್ಲುವುದೆಷ್ಟು ಎಂಬುದು ಗಿರಾಕಿಗೂ ಕಾಣಲಿ. ದರ ಇಳಿಸುವ ಪೈಪೋಟಿ ಅಂಗಡಿಗಳ ನಡುವೆಯೂ ಆಗ ನಿಲ್ಲುತ್ತದೆ.

ಎರಡನೆಯದು, ದಾರದ ಡಿಪೋ. ಬೆಂಗಳೂರಿನ ಚಿಕ್ಕಪೇಟೆ, ಮಾಮೂಲುಪೇಟೆಗಳಿಂದ ದಾರ, ಮಣಿ, ಜರಿಗಳನ್ನು ಸಗಟಾಗಿ ತಂದು, ಹಾಸನದಲ್ಲಿ ಒಂದು ಕೋಣೆಯಿಂದ ಹಂಚಲಿ. ಹೊಳೆನರಸೀಪುರಕ್ಕೂ ಹಾಸನಕ್ಕೂ ರೈಲಿದೆ. ರೈಲಿಲ್ಲದ ಅರಕಲಗೂಡಿನಿಂದಲೂ ಬಸ್ಸಿದೆ. 2023ರ ಜೂನ್ 11ರಿಂದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೇಟಿನ ಹಣವೂ ಇಲ್ಲ. ಈ ಕೆಲಸಕ್ಕೆ ಸಹಕಾರ ಸಂಘವೊಂದನ್ನು 1959ರ ಸಹಕಾರ ಸಂಘಗಳ ಕಾಯಿದೆಯಲ್ಲೋ 1997ರ ಸೌಹಾರ್ದ ಕಾಯಿದೆಯಲ್ಲೋ ನೋಂದಾಯಿಸಬಹುದು.

ಮೂರನೆಯದು, ಕೈಚೀಲ. ಕರ್ನಾಟಕದಲ್ಲಿ 2016ರಿಂದ ಪ್ಲಾಸ್ಟಿಕ್ ಚೀಲಕ್ಕೆ ನಿಷೇಧವಿದೆ. ಅದರ ಜಾಗಕ್ಕೆ ಬಟ್ಟೆಯಂತೆ ಕಾಣುವ, ಮುಟ್ಟಿದರೆ ಹುರಿಹುರಿಯಾದ ಚೀಲ ಬಂದು ಕೂತಿತು. ಅದೂ ಪ್ಲಾಸ್ಟಿಕ್ಕೇ; ಹೊರಗಿನಿಂದ ಬಂದದ್ದೇ. ನಾಲ್ಕು ಊರುಗಳ ವರ್ತಕರ ಸಂಘಗಳು ಹತ್ತಿಬಟ್ಟೆಯ ಚೀಲವನ್ನು ಈ ಹೆಂಗಸರಿಂದಲೇ ಕೊಳ್ಳುತ್ತೇವೆಂದು ವರ್ಷದ ಕರಾರು ಮಾಡಿಕೊಂಡರೆ ಆಷಾಢದಲ್ಲೂ ಕೆಲಸವಿರುತ್ತದೆ. ಗಿರಣಿ, ಗಾರ್ಮೆಂಟ್ಸುಗಳಲ್ಲಿ ಉಳಿಯುವ ತುಂಡುಬಟ್ಟೆಯನ್ನು ತೂಕದ ಲೆಕ್ಕದಲ್ಲಿ ಹೆಂಗಸರ ಸಂಘಕ್ಕೆ ಮೊದಲು ಕೊಡಬೇಕೆಂದು ಕಾರ್ಮಿಕ ಸಂಘಗಳು ತಮ್ಮ ಬೇಡಿಕೆಗಳ ಪಟ್ಟಿಯಲ್ಲಿ ಸೇರಿಸಲಿ. ಗುತ್ತಿಗೆದಾರನ ಲಾರಿ ಸೇರುವ ಚಿಂದಿಯಲ್ಲಿ ಎಷ್ಟು ಕೌದಿ, ಎಷ್ಟು ಚೀಲ ಇದೆಯೆಂಬುದು ಅದನ್ನು ದಿನಾ ಕಾಣುವ ಕಾರ್ಮಿಕರಿಗೇ ಗೊತ್ತು.

ನಾಲ್ಕನೆಯದು, ಜಾಗ. ವರ್ಷಕ್ಕೊಮ್ಮೆ ಹಾಸನಾಂಬೆಯ ಬಾಗಿಲು ತೆರೆದಾಗ ಹಾಸನಕ್ಕೆ ಲಕ್ಷಗಟ್ಟಲೆ ಜನ ಬರುತ್ತಾರೆ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಜಾತ್ರೆಯಾಗುತ್ತದೆ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳಕ್ಕೆ ವರ್ಷವಿಡೀ ಯಾತ್ರಿಕರು ಬರುತ್ತಾರೆ. ಅಲ್ಲಿ ಹರಾಜಿನಲ್ಲಿ ಮಳಿಗೆ ಹಿಡಿಯುವ ಶಕ್ತಿ ಈ ಹೆಂಗಸರಿಗಿಲ್ಲ. ಜಿಲ್ಲಾಡಳಿತವೂ ಪುರಸಭೆಗಳೂ ಹರಾಜಿಲ್ಲದೆ ಕೆಲವು ಮಳಿಗೆಗಳನ್ನು ಇವರಿಗಾಗಿ ತೆಗೆದಿಡತಕ್ಕದ್ದು.

ಕೊನೆಯದು ಸರ್ಕಾರದ ಪಾಲು. ಹೊಸ ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ಕನಿಷ್ಠ ಕೂಲಿ ಎಲ್ಲ ಉದ್ಯೋಗಗಳಿಗೂ ಸಲ್ಲುತ್ತದೆಂದು ಅದರಲ್ಲಿದೆ. ಮನೆಯಲ್ಲಿ ದುಡಿಯುವವರ ಹೆಸರೂ ಸಾಮಾಜಿಕ ಭದ್ರತೆಯ ಸಂಹಿತೆಯಲ್ಲಿದೆ. ಹಾಗಿದ್ದರೆ ಸೀರೆಯ ಕುಚ್ಚಿಗೆ, ಹ್ಯಾಂಡ್ ವರ್ಕಿಗೆ ತುಂಡಿನ ಲೆಕ್ಕದ ಕನಿಷ್ಠ ದರ ಎಷ್ಟು? ರಾಜ್ಯ ಸರ್ಕಾರ ಅದನ್ನು ಗೊತ್ತುಮಾಡಿ ಪ್ರಕಟಿಸಬೇಕು. ಕ್ಷೇಮನಿಧಿಯ ಭಾರವನ್ನು ಸಣ್ಣ ಅಂಗಡಿಯ ಮೇಲೆ ಹೊರಿಸಬೇಕೆಂದು ನಾವು ಹೇಳುವುದಿಲ್ಲ. ನೆರೆಯ ಕೇರಳದಲ್ಲಿ ಹೊಲಿಗೆ ಕಾರ್ಮಿಕರಿಗಾಗಿ 1994ರಲ್ಲೇ ಪ್ರತ್ಯೇಕ ಕ್ಷೇಮನಿಧಿ ಕಾಯಿದೆಯಾಗಿದೆ. ಅಲ್ಲಿ ಆದದ್ದು ಇಲ್ಲಿ ಆಗಬಾರದೇಕೆ?

ಇವುಗಳಲ್ಲಿ ಮೊದಲನೆಯದಕ್ಕೆ ಸರ್ಕಾರದ ಅಪ್ಪಣೆಯೂ ಬೇಡ, ಬ್ಯಾಂಕಿನ ಸಾಲವೂ ಬೇಡ. ಒಂದು ಜಮಖಾನ, ಒಂದು ಹಾಳೆ, ಒಂದು ಸಂಜೆ ಸಾಕು. ಬರುವ ಮದುವೆಗಳ ಸುಗ್ಗಿಗೆ ಮುಂಚೆ ನಾಲ್ಕೂ ಊರುಗಳಲ್ಲಿ ಅಂತಹ ಒಂದೊಂದು ಸಭೆ ಸೇರಲಿ. ಗಿರಣಿ ಕಾರ್ಮಿಕರು ತಮ್ಮ ಮನೆಯವರನ್ನು ಕರೆತರಲಿ. ವರ್ತಕ ಮಿತ್ರರು ತಾವಾಗಿ ಬಂದು ಕೂರಲಿ. ದರ ಗೊತ್ತಾಗುವವರೆಗೆ ಸಭೆ ಏಳದಿರಲಿ.